ಸಂದೇಶ ಕನ್ನಡದ್ದು, ದಾಖಲೆ ಯಾರದ್ದು?



ನಿಮ್ಮ ಜೇಬಿನಲ್ಲಿರುವ ಮೊಬೈಲನ್ನು ಒಮ್ಮೆ ತೆಗೆದು ನೋಡಿ. ಪಂಚಾಯಿತಿಯ ಗುಂಪು, ಹಾಲಿನ ಡೇರಿಯ ಗುಂಪು, ಶಾಲೆಯ ಗುಂಪು, ಸ್ತ್ರೀಶಕ್ತಿ ಸಂಘದ ಗುಂಪು. ಹಿರಿಯೂರಿನಲ್ಲಿ ನಲ್ಲಿ ನೀರು ಯಾವ ಬೀದಿಗೆ ಯಾವ ಹೊತ್ತಿಗೆ, ಹೊಸದುರ್ಗದ ಕಡೆ ಕರೆಂಟು ಎಷ್ಟು ಗಂಟೆ ಇರುವುದಿಲ್ಲ, ಹೊಳಲ್ಕೆರೆಯ ಶಾಲೆಗೆ ನಾಳೆ ರಜೆಯೋ ಅಲ್ಲವೋ, ಎಲ್ಲವೂ ವಾಟ್ಸ್ಆ್ಯಪ್ ಗುಂಪಿನಲ್ಲೇ ತೀರ್ಮಾನ. ಸರ್ಕಾರಿ ಕಚೇರಿಗಳೂ ಇದಕ್ಕೆ ಹೊರತಲ್ಲ. ಮೇಲಧಿಕಾರಿ ಬೆಳಗ್ಗೆ ಏಳು ಗಂಟೆಗೆ ಗುಂಪಿಗೆ ಒಂದು ಸಾಲು ಹಾಕುತ್ತಾರೆ. ಕೆಳಗಿನವರು 'ಆಯಿತು ಸರ್' ಎಂದು ಉತ್ತರ ಕೊಡುತ್ತಾರೆ. ಕೆಲಸ ನಡೆಯುತ್ತದೆ, ಸಂತೋಷ.

ಆದರೆ ಆರು ತಿಂಗಳ ಮೇಲೆ ಅದೇ ಸಾಲನ್ನು ತೋರಿಸಿ ಎಂದು ನೀವು ಹೋಗಿ ಕೇಳಿ. ಆ ಅಧಿಕಾರಿ ವರ್ಗವಾಗಿ ಹೋಗಿರುತ್ತಾರೆ. ಗುಮಾಸ್ತರ ಮೊಬೈಲು ಬದಲಾಗಿರುತ್ತದೆ. ಕಡತ ತೆಗೆದರೆ ಅದರಲ್ಲಿ ಆ ಮಾತೇ ಇರುವುದಿಲ್ಲ. ಕನ್ನಡದಲ್ಲಿ ಆಜ್ಞೆ ಹುಟ್ಟಿತು, ಕನ್ನಡದಲ್ಲೇ ಕೆಲಸವಾಯಿತು, ದಾಖಲೆ ಮಾತ್ರ ಎಲ್ಲೂ ಇಲ್ಲ. ಸಂದೇಶಕ್ಕೂ ದಾಖಲೆಗೂ ನಡುವೆ ಇರುವ ಈ ಕಂದಕವನ್ನು ತುಂಬಲು ಈಗ ಯಂತ್ರಗಳು ಬರುತ್ತಿವೆ. ಬರಲಿ, ಸ್ವಾಗತ. ಆದರೆ ಆ ಯಂತ್ರ ದಾಖಲೆಯನ್ನು ಬರೆಯುವುದು ಯಾವ ಭಾಷೆಯಲ್ಲಿ? ಈ ಪ್ರಶ್ನೆಯನ್ನು ಕೇಳಬೇಕಾದ ಕಾಲ ಇದೇ. ಸೇತುವೆ ಕಟ್ಟಿ ಮುಗಿದ ಮೇಲೆ ಕೂಗಿದರೆ ಪ್ರಯೋಜನವಿಲ್ಲ.

ಬ್ರಹ್ಮಗಿರಿಯ ಬಂಡೆ ಹೇಳುವ ಪಾಠ

ನಮ್ಮ ಜಿಲ್ಲೆಗೆ ಈ ವಿಚಾರ ಹೊಸದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕ ಚಕ್ರವರ್ತಿಯ ಶಾಸನವಿದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ್ದು, 1892ರಲ್ಲಿ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ಆ ಶಾಸನ ಆರಂಭವಾಗುವ ರೀತಿಯನ್ನು ಗಮನಿಸಿ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಅಲ್ಲಿನ ಮಹಾಮಾತ್ರರು ನಮ್ಮ ಇಸಿಲದ ಮಹಾಮಾತ್ರರ ಕ್ಷೇಮ ವಿಚಾರಿಸಿ, ಆಮೇಲೆ ಚಕ್ರವರ್ತಿಯ ಆಜ್ಞೆಯನ್ನು ದಾಟಿಸುತ್ತಾರೆ. ಅಂದರೆ ಬಂದ ಪತ್ರವನ್ನು ಯಾರಿಂದ, ಯಾರ ಮೂಲಕ, ಯಾರಿಗೆ ಎಂಬ ತಲೆಬರಹದ ಸಮೇತ ಹಾಗೇ ಬಂಡೆಗೆ ಏರಿಸಿದ್ದಾರೆ. ಕೊನೆಗೆ ಬರೆದ ಲಿಪಿಕಾರ ಚಪಡನ ಹೆಸರೂ ಇದೆ. ಸಂದೇಶವನ್ನು ದಾಖಲೆ ಮಾಡುವುದು ಹೇಗೆಂದು ಇಂದಿನ ಕಚೇರಿಗಳು ಈ ಬಂಡೆಯನ್ನು ನೋಡಿ ಕಲಿಯಬೇಕು.

ಆದರೆ ಅದೇ ಬಂಡೆಯ ಇನ್ನೊಂದು ಪಾಠ ಕಹಿಯಾದದ್ದು. ಶಾಸನದ ಭಾಷೆ ಪ್ರಾಕೃತ. ಚಪಡ ಮಹಾಶಯನಂತೂ 'ಲಿಪಿಕಾರ' ಎಂಬ ತನ್ನ ಉದ್ಯೋಗದ ಹೆಸರನ್ನು ದೂರದ ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ. ಅಂದು ಇಲ್ಲಿನ ಹೊಲದಲ್ಲಿ ನೇಗಿಲು ಹಿಡಿದವನ ನುಡಿ ಹೇಗಿತ್ತು ಎಂಬುದನ್ನು ಆ ಬಂಡೆ ಹೇಳುವುದಿಲ್ಲ. ಕನ್ನಡ ಕಲ್ಲಿನ ಮೇಲೆ ಆಡಳಿತದ ಭಾಷೆಯಾಗಿ ನಿಲ್ಲಲು ಸುಮಾರು ಏಳು ಶತಮಾನ ಕಾಯಬೇಕಾಯಿತು. ಹಲ್ಮಿಡಿ ಶಾಸನದ ಕಾಲ ಸುಮಾರು ಕ್ರಿ.ಶ. 450. ದಾಖಲೆಯ ಭಾಷೆಯನ್ನು ಒಮ್ಮೆ ಬೇರೆಯವರು ನಿರ್ಧರಿಸಿಬಿಟ್ಟರೆ ಅದನ್ನು ಬದಲಿಸಲು ಎಷ್ಟು ಕಾಲ ಬೇಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಇನ್ನೊಂದು ಏಳು ಶತಮಾನ ಕಾಯುವ ತಾಳ್ಮೆ ನಮಗಿಲ್ಲ.

ಏನಿದು ಯಂತ್ರದ ಸೇತುವೆ?

ಬೆಂಗಳೂರಿನ ಕಂಪನಿಗಳಲ್ಲಿ ಕೆಲಸ ಮಾಡುವ ನಿಮ್ಮ ಮಕ್ಕಳನ್ನು ಕೇಳಿ, ಅವರು ವಿವರಿಸುತ್ತಾರೆ. ಅಲ್ಲಿ ತಂಡದವರು ಪರಸ್ಪರ ಮಾತಾಡುವುದು ಸ್ಲ್ಯಾಕ್, ಟೀಮ್ಸ್ ಎಂಬ ಸಂದೇಶ ತಂತ್ರಾಂಶಗಳಲ್ಲಿ. ತೀರ್ಮಾನ, ಲೆಕ್ಕ, ಸಭೆಯ ನಡಾವಳಿ ಬರೆದಿಡುವುದು ಕಾನ್‌ಫ್ಲುಯೆನ್ಸ್, ನೋಷನ್ ಎಂಬ ದಾಖಲೆ ತಂತ್ರಾಂಶಗಳಲ್ಲಿ. ಮೊದಲು ಒಬ್ಬ ಮನುಷ್ಯ ಇಲ್ಲಿ ಓದಿ ಅಲ್ಲಿ ಬರೆಯಬೇಕಿತ್ತು. ಈಗ ಝೇಪಿಯರ್, ಪವರ್ ಆಟೊಮೇಟ್, ಎನ್‌ಏಟ್‌ಎನ್ ಮುಂತಾದ ಜೋಡಣೆ ತಂತ್ರಾಂಶಗಳು ಆ ಕೆಲಸ ಮಾಡುತ್ತವೆ.

ಇದರ ಗುಟ್ಟು ಬಹಳ ಸರಳ. 'ಇಂಥದ್ದು ನಡೆದರೆ ಇಂಥದ್ದನ್ನು ಮಾಡು' ಎಂದು ಯಂತ್ರಕ್ಕೆ ಒಮ್ಮೆ ಹೇಳಿಕೊಡುವುದು, ಅಷ್ಟೆ. ಗುಂಪಿನಲ್ಲಿ ಒಂದು ಸಂದೇಶಕ್ಕೆ ಯಾರಾದರೂ ಗುರುತು ಹಾಕಿದರೆ ಅದನ್ನು ದಿನಾಂಕ, ವೇಳೆ, ಕಳಿಸಿದವರ ಹೆಸರಿನ ಸಮೇತ ದಾಖಲೆಯ ಪುಟಕ್ಕೆ ಸೇರಿಸು. ದಾಖಲೆಯ ಪುಟ ತಿದ್ದಿದರೆ ಗುಂಪಿಗೆ ತಿಳಿಸು. ಅರ್ಜಿ ಹತ್ತು ದಿನ ಒಂದೇ ಮೇಜಿನಲ್ಲಿ ಕೂತರೆ ಮೇಲಿನವರಿಗೆ ನೆನಪಿಸು. ನಮ್ಮ ಹಳೆಯ ಕಚೇರಿಯಲ್ಲಿ ಟಪಾಲು ಗುಮಾಸ್ತ ಒಳಬರುವ ಪತ್ರಗಳ ವಹಿಯಲ್ಲಿ ನಂಬರು ಹಾಕಿ, ವಿಷಯ ನಿರ್ವಾಹಕರ ಮೇಜಿಗೆ ತಲುಪಿಸಿ, ಸಹಿ ಪಡೆಯುತ್ತಿದ್ದನಲ್ಲ, ಅದನ್ನೇ ಯಂತ್ರ ನಿದ್ದೆಯಿಲ್ಲದೆ ಮಾಡುತ್ತದೆ.

ಇದು ನಗರದವರ ಶೋಕಿ ಎಂದು ತಳ್ಳಿಹಾಕಬೇಡಿ. ಇದರ ಅಣ್ಣತಮ್ಮಂದಿರು ನಮ್ಮ ತಾಲ್ಲೂಕುಗಳಲ್ಲಿ ಆಗಲೇ ಇದ್ದಾರೆ. ಹೊಸದುರ್ಗದ ಉಪನೋಂದಣಿ ಕಚೇರಿಯಲ್ಲಿ ಒಂದು ತೆಂಗಿನ ತೋಟದ ಕ್ರಯಪತ್ರ ನೋಂದಣಿಯಾಯಿತು ಎನ್ನಿ. ಹಿಂದೆ ಜೆ ನಮೂನೆಯ ಕಾಗದ ಅಲ್ಲಿಂದ ತಾಲ್ಲೂಕು ಕಚೇರಿಗೆ ಹೋಗಬೇಕಿತ್ತು. ದಾರಿಯಲ್ಲಿ ಎಲ್ಲಿ ಮಲಗುತ್ತಿತ್ತೋ ದೇವರಿಗೇ ಗೊತ್ತು. ಈಗ ಕಾವೇರಿ ತಂತ್ರಾಂಶದಿಂದ ಭೂಮಿ ತಂತ್ರಾಂಶಕ್ಕೆ ಜೆ ಸ್ಲಿಪ್ ತಾನಾಗಿ ಹೋಗಿ ಮ್ಯುಟೇಷನ್ ಕೆಲಸ ಶುರುವಾಗುತ್ತದೆ. 2012ರಲ್ಲಿ ಜಾರಿಗೆ ಬಂದ ಸಕಾಲ ಯೋಜನೆಯಲ್ಲಿ ಅರ್ಜಿ ಕೊಟ್ಟ ಕೂಡಲೇ 15 ಅಂಕಿಗಳ ಸಂಖ್ಯೆ ಸಿಗುತ್ತದೆ, ಮೊಬೈಲಿಗೆ ಸಂದೇಶ ಬರುತ್ತದೆ, ಗಡುವು ಎಣಿಕೆಯಾಗುತ್ತದೆ. ರಾಷ್ಟ್ರೀಯ ಮಾಹಿತಿ ಕೇಂದ್ರ ರೂಪಿಸಿದ ಇ-ಆಫೀಸ್‌ನಲ್ಲಿ ಕಡತವೇ ಕಂಪ್ಯೂಟರಿನೊಳಗೆ ಮೇಜಿನಿಂದ ಮೇಜಿಗೆ ಸಾಗುತ್ತದೆ. ಅದೇ ಸಂಸ್ಥೆ ಸರ್ಕಾರಿ ನೌಕರರ ಬಳಕೆಗೆಂದು 'ಸಂದೇಶ್' ಎಂಬ ಸಂದೇಶ ತಂತ್ರಾಂಶವನ್ನೂ ಮಾಡಿದೆ. ಸಂದೇಶದ ಯಂತ್ರವೂ ಇದೆ, ಕಡತದ ಯಂತ್ರವೂ ಇದೆ. ಎರಡರ ಕೈ ಹಿಡಿಸುವ ದಿನ ದೂರವಿಲ್ಲ.

ಕನ್ನಡ ಯಂತ್ರಕ್ಕೆ ಒಗ್ಗುವುದಿಲ್ಲ ಎನ್ನುವ ಮಹನೀಯರಿಗೆ ನಮ್ಮ ಉತ್ತರ ಒಂದೇ: ನಿಮ್ಮ ಪಹಣಿ ತೆಗೆದು ನೋಡಿ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ, ಇಂದಿನ ಸೌಲಭ್ಯ ಯಾವುದೂ ಇಲ್ಲದ ಕಾಲದಲ್ಲಿ, ಭೂಮಿ ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಕನ್ನಡದಲ್ಲೇ ಏರಿಸಿತು. ಹೊಳಲ್ಕೆರೆಯ ಅಡಿಕೆ ಬೆಳೆಗಾರ ತನ್ನ ಹೆಸರನ್ನು, ತನ್ನ ಬೆಳೆಯನ್ನು, ತನ್ನ ಸಾಲವನ್ನು ತನ್ನ ಲಿಪಿಯಲ್ಲಿ ಓದಿಕೊಂಡ. ಅಂದು ಸಾಧ್ಯವಾದದ್ದು ಇಂದು ಅಸಾಧ್ಯ ಎಂದರೆ ಅದು ಯಂತ್ರದ ಕೊರತೆಯಲ್ಲ, ಮನಸ್ಸಿನ ಕೊರತೆ.

ಕಿಂಡಿಯಲ್ಲಿ ನುಸುಳುವವರು

ದುರ್ಗದವರಿಗೆ ಕಿಂಡಿಯ ಕಥೆ ಹೇಳಿಕೊಡಬೇಕಾಗಿಲ್ಲ. ಹೈದರಾಲಿಯ ಸೈನಿಕರು ಏಳು ಸುತ್ತಿನ ಕೋಟೆಯ ಹೆಬ್ಬಾಗಿಲು ಒಡೆದು ಬರಲು ಆಗದೆ, ಒಬ್ಬೊಬ್ಬರಾಗಿ ಕಿಂಡಿಯಲ್ಲಿ ತೂರಲು ನೋಡಿದರು. ಇಂದು ಇಂಗ್ಲಿಷೂ ಹಾಗೇ ಬರುತ್ತಿದೆ. 1963ರಲ್ಲೇ ರಾಜಭಾಷಾ ಅಧಿನಿಯಮ ಆಯಿತು. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮವೂ ಇದೆ. ಹೆಬ್ಬಾಗಿಲು ಭದ್ರವಾಗಿದೆ. ತಾಲ್ಲೂಕು ಕಚೇರಿಯ ಟಿಪ್ಪಣಿ ಹಾಳೆಯಲ್ಲಿ ಕನ್ನಡ ಬರೆಯುವ ಸಿಬ್ಬಂದಿಯೂ ಇದ್ದಾರೆ, ಅವರಿಗೆ ನಮ್ಮ ನಮಸ್ಕಾರ. ಆದರೆ ಯಂತ್ರದ ಸೇತುವೆಯಲ್ಲಿ ಕಿಂಡಿಗಳು ಒಂದೆರಡಲ್ಲ.

ಮೊದಲನೆಯ ಕಿಂಡಿ ನಮೂನೆ. ಯಂತ್ರ ತಾನಾಗಿ ಬರೆಯುವ ಸಾಲುಗಳನ್ನು ಯಾರೋ ಒಬ್ಬರು ಮೊದಲೇ ಬರೆದಿಟ್ಟಿರುತ್ತಾರೆ. 'ನಿಮ್ಮ ಅರ್ಜಿ ಸ್ವೀಕೃತವಾಗಿದೆ', 'ಇಂಥವರ ಬಳಿ ಬಾಕಿ ಇದೆ' ಎಂಬಂಥವು. ತಂತ್ರಾಂಶ ಮಾಡಿದವನು ಅದನ್ನು ಇಂಗ್ಲಿಷಿನಲ್ಲಿ ಬರೆದಿದ್ದರೆ, ಇಲ್ಲಿ ಕೂರಿಸುವವನು ತಿದ್ದದೆ ಬಿಟ್ಟರೆ, ಲಕ್ಷ ಅರ್ಜಿಗಳಿಗೆ ಲಕ್ಷ ಸಲ ಇಂಗ್ಲಿಷ್ ಸಾಲೇ ಹೋಗುತ್ತದೆ. ಕನ್ನಡ ಬೇಡ ಎಂದು ಯಾರೂ ಆದೇಶ ಮಾಡಿರುವುದಿಲ್ಲ, ಸುತ್ತೋಲೆ ಹೊರಡಿಸಿರುವುದಿಲ್ಲ. ಸೋಮಾರಿತನವೇ ಭಾಷಾನೀತಿಯಾಗಿ ಕೂತುಬಿಡುತ್ತದೆ. ಇದರ ವಿರುದ್ಧ ಯಾರ ಮೇಲೆ ದೂರು ಕೊಡುತ್ತೀರಿ?

ಎರಡನೆಯದು ಹಳೆಯ ಅಕ್ಷರ. ನುಡಿ, ಬರಹ ತಂತ್ರಾಂಶಗಳು ಕನ್ನಡಕ್ಕೆ ಮಾಡಿದ ಉಪಕಾರ ಅಪಾರ, ಅದನ್ನು ಮರೆಯುವ ಕೃತಘ್ನರು ನಾವಲ್ಲ. ಆದರೆ ಅವುಗಳ ಹಳೆಯ ಫಾಂಟುಗಳ ಮರ್ಮ ಬೇರೆ. ಪರದೆಯ ಮೇಲೆ ಕಾಣುವುದು ಕನ್ನಡ, ಯಂತ್ರದ ಹೊಟ್ಟೆಯಲ್ಲಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಅಂಥ ಕಡತದಿಂದ ಒಂದು ಸಾಲು ಎತ್ತಿ ಗುಂಪಿಗೆ ಹಾಕಿ ನೋಡಿ, ಅರ್ಥವಿಲ್ಲದ ಅಕ್ಷರಗಳ ಗುಪ್ಪೆ ಬಂದು ಬೀಳುತ್ತದೆ. 'ಹಿರಿಯೂರು' ಎಂದು ಹುಡುಕಿದರೆ ಯಂತ್ರ 'ಇಲ್ಲ' ಎನ್ನುತ್ತದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ತನ್ನದೇ ಸ್ಥಾನವಿದೆ. ಮೂರು ದಶಕ ಕಳೆದರೂ ಹಳೆಯ ಫಾಂಟಿನಲ್ಲೇ ಪತ್ರ ಸಿದ್ಧಪಡಿಸುವ ಕಚೇರಿ, ಯಂತ್ರದ ಕಣ್ಣಿಗೆ ಕನ್ನಡದ ಕಚೇರಿಯೇ ಅಲ್ಲ.

ಮೂರನೆಯ ಕಿಂಡಿಯನ್ನು ಕೊರೆದವರು ನಾವೇ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟುವ ಚಾಳಿ. ಒಬ್ಬ 'ನೀರು' ಎಂಬುದಕ್ಕೆ ಎರಡು 'ಇ' ಹಾಕುತ್ತಾನೆ, ಇನ್ನೊಬ್ಬ ಒಂದು 'ಐ' ಹಾಕುತ್ತಾನೆ. ಮನುಷ್ಯ ಹೇಗೋ ಓದಿಕೊಳ್ಳುತ್ತಾನೆ. ಹುಡುಕುವ ಯಂತ್ರಕ್ಕೆ ಅವು ಎರಡು ಬೇರೆ ಬೇರೆ ಮಾತು. ನಾಲ್ಕನೆಯದು ಫೋಟೋ. ಕೈಬರಹದ ಅರ್ಜಿಯನ್ನೋ ಸುತ್ತೋಲೆಯನ್ನೋ ಓರೆಯಾಗಿ ಫೋಟೋ ಹೊಡೆದು ಗುಂಪಿಗೆ ಹಾಕಿದರೆ ಕೆಲಸ ಮುಗಿಯಿತು ಎಂಬ ಭಾವನೆ. ಚಿತ್ರದಲ್ಲಿ ಏನಿದೆ ಎಂದು ಒಂದು ಸಾಲು ಕನ್ನಡದಲ್ಲಿ ಬರೆಯದಿದ್ದರೆ ಅದು ಮುಂದೆ ಯಾರ ಕೈಗೂ ಸಿಗುವುದಿಲ್ಲ.

ಐದನೆಯದು ಎಲ್ಲಕ್ಕಿಂತ ನಯವಂಚಕ ಕಿಂಡಿ: ಯಂತ್ರಾನುವಾದ. 'ನೀವು ಕನ್ನಡದಲ್ಲೇ ಮಾತಾಡಿ, ಯಂತ್ರ ಅದನ್ನು ಇಂಗ್ಲಿಷಿಗೆ ತಿರುಗಿಸಿ ದಾಖಲೆ ಮಾಡಿಕೊಳ್ಳುತ್ತದೆ' ಎಂದು ಸಿಹಿಮಾತು ಹೇಳುವವರು ಬರುತ್ತಾರೆ. ನಮ್ಮ ಊರಿನಲ್ಲಿ 'ಕೆರೆ ಕೋಡಿ ಬಿತ್ತು' ಎಂದರೆ ಕೆರೆ ತುಂಬಿ ಹರಿಯಿತು ಎಂದರ್ಥ. ಹಬ್ಬದ ಸಂಭ್ರಮದ ಮಾತು ಅದು. 'ಬಿತ್ತು' ಎಂಬುದನ್ನು ಹಿಡಿದುಕೊಂಡು ಯಂತ್ರ ಏರಿಯನ್ನೇ ಬೀಳಿಸಿಬಿಟ್ಟರೆ? ಖರಾಬು, ಬಾಂದುಕಲ್ಲು, ಗೋಮಾಳ, ಬಗರ್‌ಹುಕುಂ. ಈ ಮಾತುಗಳ ಹಿಂದೆ ಒಂದೊಂದು ಕುಟುಂಬದ ಜಮೀನು ನಿಂತಿದೆ. ಅನುವಾದ ಬೇಕಾದರೆ ಪಕ್ಕದಲ್ಲಿ ಇರಲಿ. ಮೂಲ ಕನ್ನಡವನ್ನು ಅಳಿಸಿ ಅನುವಾದವನ್ನೇ ದಾಖಲೆ ಎಂದು ಇಟ್ಟುಕೊಂಡರೆ ನಾಳೆ ನ್ಯಾಯ ಕೇಳಲು ನಮ್ಮ ಕೈಯಲ್ಲಿ ಏನು ಉಳಿಯುತ್ತದೆ?

ಹೊಟ್ಟೆಪಾಡಿನ ಪ್ರಶ್ನೆ

ಇದೆಲ್ಲ ಭಾಷಾಭಿಮಾನಿಗಳ ಗೊಣಗಾಟ ಎಂದು ಕೆಲವರು ಮೂಗು ಮುರಿಯಬಹುದು. ಮಳೆಯನ್ನೇ ನಂಬಿದ ನಮ್ಮ ಜಿಲ್ಲೆಯ ಶೇಂಗಾ ಬೆಳೆಗಾರನ ಮನೆಗೆ ಹೋಗಿ ಈ ಮಾತು ಹೇಳಲಿ. ಬೆಳೆ ವಿಮೆ ಕಟ್ಟುವಾಗ ಬರೆಸಿದ ಬೆಳೆಗೂ, ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ದಾಖಲಾದ ಬೆಳೆಗೂ ತಾಳೆಯಾಗದಿದ್ದರೆ ವಿಮೆ ಅರ್ಜಿ ತಿರಸ್ಕೃತವಾಗುತ್ತದೆ. ಎರಡು ದಾಖಲೆಗಳನ್ನು ತಾಳೆ ನೋಡುವುದು ಯಂತ್ರ. ಆಕ್ಷೇಪಣೆ ಸಲ್ಲಿಸಲು ಗಡುವು ಉಂಟು. ಆ ಗಡುವಿನ ಸಂದೇಶ ರೈತನಿಗೆ ಓದಲು ಬಾರದ ಭಾಷೆಯಲ್ಲಿ ಬಂದರೆ ಏನಾಗುತ್ತದೆ? ಅದೂ ಯಾವುದೋ ಸಾಲದ ಜಾಹೀರಾತು ಎಂದುಕೊಂಡು ಅಳಿಸಿಬಿಡುತ್ತಾನೆ. ಒಂದು ವರ್ಷದ ಬೆವರು ಒಂದು ಸಾಲಿನ ಇಂಗ್ಲಿಷಿನಲ್ಲಿ ತೊಳೆದುಹೋಗುತ್ತದೆ. ಅನ್ನದ ಭಾಷೆ, ಅನ್ನದ ಭಾಷೆ ಎಂದು ವೇದಿಕೆಗಳಲ್ಲಿ ಭಾಷಣ ಮಾಡುತ್ತೇವಲ್ಲ, ಅನ್ನದ ಭಾಷೆ ಎಂದರೆ ಇದು.

ಇನ್ನು ಹಿರಿಯೂರಿನ ಮಾರಿಕಣಿವೆಯ ವಿಚಾರಕ್ಕೆ ಬನ್ನಿ. 1907ರಲ್ಲಿ ಕಟ್ಟಿ ಮುಗಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ ಬಿದ್ದದ್ದು 89 ವರ್ಷಗಳ ನಂತರ, 2022ರ ಸೆಪ್ಟೆಂಬರ್‌ನಲ್ಲಿ. ಮತ್ತೆ 2025ರ ಜನವರಿಯಲ್ಲಿ. 1933ರ ಮಾತು ನಮಗೆ ಇಷ್ಟು ಖಚಿತವಾಗಿ ಗೊತ್ತಿರುವುದು ಹೇಗೆ? ಯಾರೋ ಪುಣ್ಯಾತ್ಮರು ನೀರಿನ ಮಟ್ಟವನ್ನು ಬರೆದಿಟ್ಟಿದ್ದರು. 2022ರಲ್ಲಿ ನೀರಿನ ಮಟ್ಟ, ಮುನ್ನೆಚ್ಚರಿಕೆ, ಯಾವ ರಸ್ತೆ ಮುಳುಗಿತು, ಯಾವ ತೋಟಕ್ಕೆ ನೀರು ನುಗ್ಗಿತು ಎಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರಾಡಿತು. ಆ ಸಂದೇಶಗಳಲ್ಲಿ ಎಷ್ಟು ಕಡತ ಸೇರಿದವು? ಇನ್ನು 89 ವರ್ಷಗಳ ಮೇಲೆ ಕೋಡಿ ಬಿದ್ದಾಗ ನಮ್ಮ ಮರಿಮಕ್ಕಳು ಯಾರ ಮೊಬೈಲನ್ನು ತೆರೆದು ನೋಡಬೇಕು? ತುಂಬಿದ ಜಲಾಶಯದ ಕೆಳಗಿನ ಊರಿಗೆ ಹೋಗುವ ಎಚ್ಚರಿಕೆ ಊರಿನವರ ಭಾಷೆಯಲ್ಲಿ ಹೋಗಬೇಕು, ಹೋದ ವೇಳೆ ಸಮೇತ ಕಡತದಲ್ಲಿ ಕೂರಬೇಕು. ಜೀವ ಹೋದ ಮೇಲೆ 'ಸಂದೇಶ ಕಳಿಸಿದ್ದೆವು' ಎಂಬ ಮಾತಿಗೆ ಬೆಲೆಯಿಲ್ಲ.

ಕಾನೂನೂ ನಮ್ಮ ಕಡೆಗಿದೆ ಎಂಬುದನ್ನು ಓದುಗರು ಗಮನಿಸಬೇಕು. 2005ರ ಮಾಹಿತಿ ಹಕ್ಕು ಅಧಿನಿಯಮದ ಪ್ರಕಾರ ವಿದ್ಯುನ್ಮಾನ ರೂಪದಲ್ಲಿರುವುದೂ ಮಾಹಿತಿಯೇ. ಅದರ 4ನೆಯ ಪ್ರಕರಣ, ಕಚೇರಿಗಳು ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ಹಾಕಿ ಇಡಬೇಕು ಎನ್ನುತ್ತದೆ. ಮಾಹಿತಿ ತಲುಪಿಸುವಾಗ ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕು ಎಂದೂ ಹೇಳುತ್ತದೆ. ಹೀಗಿರುವಾಗ 'ಅದು ಗುಂಪಿನಲ್ಲಿ ಹೇಳಿದ್ದು, ಕಡತದಲ್ಲಿಲ್ಲ' ಎಂದು ಕೈತೊಳೆದುಕೊಳ್ಳುವುದು ಯಾವ ನ್ಯಾಯ?

ನೌಕರರ ಮೇಲೆ ನಮಗೆ ಸಿಟ್ಟಿಲ್ಲ

ಇದನ್ನು ಓದುವ ಪಿಡಿಒಗಳು, ಗ್ರಾಮ ಆಡಳಿತಾಧಿಕಾರಿಗಳು, ಗುಮಾಸ್ತರು ನಮ್ಮನ್ನು ತಪ್ಪು ತಿಳಿಯಬಾರದು. ನಿಮ್ಮ ಕಷ್ಟ ನಮಗೆ ಗೊತ್ತಿದೆ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರಕ್ಕೆ ಇಳಿದಾಗ ಆ್ಯಪ್‌ಗಳ ಹೊರೆಯೂ ಅವರ ದೂರುಗಳಲ್ಲಿ ಒಂದಾಗಿತ್ತು. ಒಂದೇ ಸಂಗತಿಯನ್ನು ಗುಂಪಿಗೆ ಹಾಕಬೇಕು, ಆ್ಯಪ್‌ಗೆ ತುಂಬಬೇಕು, ವಹಿಯಲ್ಲಿ ಬರೆಯಬೇಕು, ಸಂಜೆ ಮತ್ತೆ ಫೋಟೋ ಕಳಿಸಬೇಕು. ಮನುಷ್ಯ ಯಂತ್ರವಾಗಿಬಿಟ್ಟಿದ್ದಾನೆ. ಸಂದೇಶವೇ ದಾಖಲೆಯಾಗುವ ಏರ್ಪಾಡು ಬಂದರೆ ಒಮ್ಮೆ ಬರೆದರೆ ಸಾಕು. ನಾಲ್ಕು ಸಲದ ಕೆಲಸ ಒಂದು ಸಲಕ್ಕೆ ಇಳಿಯುತ್ತದೆ. ಆ ಒಂದು ಸಲವೂ ಅವರಿಗೆ ಸಲೀಸಾದ ಕನ್ನಡದಲ್ಲಿ ಬರೆಯುವಂತಿರಬೇಕು ಎಂಬುದಷ್ಟೇ ನಮ್ಮ ಮಾತು. ಇದರಲ್ಲಿ ನೌಕರರ ಹಿತವೂ ನಾಡಿನ ಹಿತವೂ ಬೇರೆಬೇರೆಯಲ್ಲ.

ಯಂತ್ರದ ಬಗ್ಗೆ ಕುರುಡು ಮೋಹವೂ ನಮಗಿಲ್ಲ. ಗುಂಪಿನಲ್ಲಿ ಹಾಕಿದ ಹಬ್ಬದ ಶುಭಾಶಯವೂ, ಒಬ್ಬ ನೌಕರನ ಮನೆಯ ಕಷ್ಟದ ಮಾತೂ ಕಡತಕ್ಕೆ ಹೋಗುವಂತಾಗಬಾರದು. ಯಾವುದು ದಾಖಲೆಯಾಗಬೇಕು ಎಂದು ಗುರುತು ಹಾಕುವವನು ಮನುಷ್ಯನೇ ಆಗಿರಬೇಕು, ಅವನ ಹೆಸರು ಅದರ ಕೆಳಗಿರಬೇಕು. 'ಯಂತ್ರ ಹಾಗೆ ಮಾಡಿತು' ಎಂದು ಯಾವ ಅಧಿಕಾರಿಯೂ ನುಣುಚಿಕೊಳ್ಳುವಂತಿರಬಾರದು. ಬಡವರ ಆಧಾರ್ ಚೀಟಿ, ಬ್ಯಾಂಕ್ ಪಾಸ್‌ಪುಸ್ತಕದ ಫೋಟೋಗಳನ್ನು ನೂರು ಜನರ ಗುಂಪಿಗೆ ಹಾಕುವ ಕೆಟ್ಟ ಪದ್ಧತಿಯಂತೂ ಇಂದೇ ನಿಲ್ಲಬೇಕು.

ನಮ್ಮ ಹಕ್ಕೊತ್ತಾಯ

ಸರ್ಕಾರ ಮತ್ತು ಜಿಲ್ಲಾಡಳಿತದ ಮುಂದೆ ನಾವು ಇಡುವ ಬೇಡಿಕೆಗಳು ಸ್ಪಷ್ಟವಾಗಿವೆ.

ಒಂದು: ಸರ್ಕಾರಿ ಕೆಲಸಕ್ಕೆ ಕೊಳ್ಳುವ, ಮಾಡಿಸುವ ಯಾವುದೇ ತಂತ್ರಾಂಶದ ಟೆಂಡರಿನಲ್ಲಿ, ಅದು ತಾನಾಗಿ ಬರೆಯುವ ಪ್ರತಿಯೊಂದು ಸಾಲೂ ಮೊದಲು ಕನ್ನಡದಲ್ಲಿರಬೇಕೆಂಬ ಷರತ್ತು ಇರಲಿ. ಇಂಗ್ಲಿಷ್ ಬೇಕಾದವರು ಆಯ್ಕೆ ಮಾಡಿಕೊಳ್ಳಲಿ.

ಎರಡು: ಗುಂಪಿನಲ್ಲಿ ಕೊಟ್ಟ ಆಜ್ಞೆ ಕಡತಕ್ಕೆ ಸೇರಲೇಬೇಕು. ಬ್ರಹ್ಮಗಿರಿಯ ಬಂಡೆಯಲ್ಲಿರುವಂತೆ ಯಾರಿಂದ, ಯಾರಿಗೆ, ಬರೆದವರು ಯಾರು ಎಂಬ ವಿವರದ ಜತೆಗೆ ದಿನಾಂಕ, ವೇಳೆಯೂ ಇರಲಿ.

ಮೂರು: ಕಚೇರಿಗಳಲ್ಲಿ ಸಿದ್ಧವಾಗುವ ಪ್ರತಿಯೊಂದು ಪತ್ರವೂ ಯೂನಿಕೋಡ್ ಕನ್ನಡದಲ್ಲಿರಲಿ. ಹಳೆಯ ಫಾಂಟಿನಲ್ಲಿರುವ ಕಡತಗಳನ್ನು ಪರಿವರ್ತಿಸಲು ಗಡುವು ಹಾಕಿ. ನೌಕರರಿಗೆ ತರಬೇತಿ ಕೊಡಿ. ಕೊಡದೆ ದಂಡ ಹಾಕಬೇಡಿ.

ನಾಲ್ಕು: ಯಂತ್ರ ಅನುವಾದ ಮಾಡಿದರೂ ಮೂಲ ಕನ್ನಡ ಪಾಠವೇ ಅಧಿಕೃತ ದಾಖಲೆ ಎಂಬ ಸುತ್ತೋಲೆ ಹೊರಡಿಸಿ.

ಐದು: ಅರ್ಜಿದಾರನಿಗೆ ಹೋಗುವ ಹಿಂಬರಹ, ಗಡುವಿನ ಸೂಚನೆ, ತಿರಸ್ಕಾರದ ಕಾರಣ, ಈ ಮೂರು ಯಾವ ಕಾರಣಕ್ಕೂ ಇಂಗ್ಲಿಷಿನಲ್ಲಿ ಮಾತ್ರ ಹೋಗಬಾರದು. ವಿಮಾ ಕಂಪನಿಗಳಿಗೂ ಬ್ಯಾಂಕುಗಳಿಗೂ ಇದೇ ಮಾತು.

ಆರು: ಕನ್ನಡ ಅಭಿವೃದ್ಧಿ ಪ್ರಾಧಿಕಾರ ತನ್ನ ತಪಾಸಣೆಯಲ್ಲಿ ನಾಮಫಲಕ, ಮೊಹರು, ಟಿಪ್ಪಣಿ ಹಾಳೆಗಳ ಜತೆಗೆ ಕಂಪ್ಯೂಟರಿನ ನಮೂನೆಗಳನ್ನೂ ತೆರೆಸಿ ನೋಡಲಿ.

ಸರ್ಕಾರವನ್ನು ಕೇಳಿದ ಮೇಲೆ ನಮ್ಮನ್ನೂ ಕೇಳಿಕೊಳ್ಳಬೇಕು. ಕನ್ನಡ ಸಂಘಗಳ ಗೆಳೆಯರೇ, ನಿಮ್ಮ ಸಂಘದ ಗುಂಪಿನಲ್ಲಿ ಯಾವ ಲಿಪಿ ನಡೆಯುತ್ತಿದೆ? ಇಂದಿನಿಂದಲೇ ಕನ್ನಡ ಕೀಲಿಮಣೆ ಹಾಕಿಕೊಳ್ಳಿ. ಬೆರಳು ಒಗ್ಗದವರು ಬಾಯಿಂದ ಹೇಳಿದರೂ ಮೊಬೈಲು ಕನ್ನಡದಲ್ಲಿ ಬರೆದುಕೊಳ್ಳುತ್ತದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗದ ಹಾಲಿನ ಸಂಘ, ಸ್ತ್ರೀಶಕ್ತಿ ಸಂಘ, ರೈತ ಉತ್ಪಾದಕ ಕಂಪನಿಗಳು ಸರ್ಕಾರಕ್ಕಾಗಿ ಕಾಯಬೇಕಾಗಿಲ್ಲ. ಗುಂಪಿನಲ್ಲಿ ಆದ ತೀರ್ಮಾನಗಳನ್ನು ತಿಂಗಳಿಗೊಮ್ಮೆ ಒಂದು ಕಡತಕ್ಕೆ ಇಳಿಸುವ ಪರಿಪಾಠ ಹಾಕಿಕೊಳ್ಳಿ. ನಿಮ್ಮ ಊರಿನ ಇಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರನ್ನು ಕರೆಯಿರಿ, ಆ ಕೆಲಸವನ್ನು ಯಂತ್ರವೇ ಮಾಡುವಂತೆ ಅವರು ಜೋಡಿಸಿ ಕೊಡುತ್ತಾರೆ. ಉಚಿತವಾಗಿ ಸಿಗುವ, ಮುಕ್ತವಾಗಿ ತಿದ್ದಬಹುದಾದ ತಂತ್ರಾಂಶಗಳಿವೆ. ನಮ್ಮ ಮಕ್ಕಳು ಅಮೆರಿಕದ ಕಂಪನಿಗೆ ಮಾಡಿಕೊಡುವ ಕೆಲಸವನ್ನು ಅಮ್ಮನ ಸಂಘಕ್ಕೆ ಮಾಡಿಕೊಡಲಾರರೇ?

ಬಂಧುಗಳೇ, ನಾಮಫಲಕಗಳಲ್ಲಿ ಶೇಕಡ 60ರಷ್ಟು ಕನ್ನಡ ಇರಬೇಕೆಂದು ಹೋರಾಡಿದೆವು. 2024ರಲ್ಲಿ ಅದು ಕಾನೂನೂ ಆಯಿತು. ಫಲಕ ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಹೋರಾಟವೂ ಕಾಣುತ್ತದೆ. ಯಂತ್ರದೊಳಗಿನ ಸಾಲು ಯಾರಿಗೂ ಕಾಣುವುದಿಲ್ಲ. ಅಂಗಡಿಯ ಫಲಕವನ್ನು ನಾಳೆ ಬದಲಿಸಬಹುದು. ಲಕ್ಷಾಂತರ ದಾಖಲೆಗಳು ಒಂದು ಭಾಷೆಯಲ್ಲಿ ಕೂತ ಮೇಲೆ ಬದಲಿಸುವುದು ಯಾರಿಂದಲೂ ಆಗುವುದಿಲ್ಲ. ಆದ್ದರಿಂದ ನಾಳೆಯೇ ಒಂದು ಕೆಲಸ ಮಾಡಿ. ನಿಮ್ಮ ಮೊಬೈಲಿಗೆ ಸರ್ಕಾರದಿಂದ, ಬ್ಯಾಂಕಿನಿಂದ, ವಿಮಾ ಕಂಪನಿಯಿಂದ ಬಂದ ಕೊನೆಯ ಹತ್ತು ಸಂದೇಶಗಳನ್ನು ಎಣಿಸಿ. ಎಷ್ಟು ಕನ್ನಡದಲ್ಲಿವೆ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಆ ಹಾಳೆಗೆ ಸಹಿ ಹಾಕಿ ನಿಮ್ಮ ತಹಶೀಲ್ದಾರರ ಟಪಾಲು ಮೇಜಿನಲ್ಲಿ ಕೊಟ್ಟು, ಸ್ವೀಕೃತಿ ಪಡೆದು ಬನ್ನಿ. ಸ್ವೀಕೃತಿಯೂ ಕನ್ನಡದಲ್ಲೇ ಇರಲಿ.

ಓಬವ್ವ ಸೇನಾಪತಿಯಾಗಿರಲಿಲ್ಲ, ಕಹಳೆಯವನ ಹೆಂಡತಿ. ಕೈಗೆ ಸಿಕ್ಕಿದ್ದು ಒನಕೆ. ಅವಳು ಮಾಡಿದ್ದು ಇಷ್ಟೇ: ಕಿಂಡಿಯನ್ನು ಸರಿಯಾದ ಸಮಯದಲ್ಲಿ ಗಮನಿಸಿದಳು, ಅಲ್ಲಿಂದ ಕದಲಲಿಲ್ಲ. ದುರ್ಗದವರು ನಾವು. ಗಮನಿಸುವುದೂ ಗೊತ್ತು, ಕದಲದೆ ನಿಲ್ಲುವುದೂ ಗೊತ್ತು.